ಲೈಸೆನ್ಸ್ ಸಿಕ್ಕಿದ ಮೇಲಿನ ಪಾಠ

ಮುಂಬಯಿಯ ಮಕ್ಕಳಿಗೆ ರೈಲು ಗೊತ್ತು, ರಸ್ತೆ ಗೊತ್ತಿಲ್ಲ. ಹದಿನಾಲ್ಕರ ಹುಡುಗಿ ಡೊಂಬಿವಿಲಿಯಲ್ಲಿ ಫಾಸ್ಟ್ ಲೋಕಲ್ ಹಿಡಿದು ಒಬ್ಬಳೇ ದಾದರಿಗೆ ಬರಬಲ್ಲಳು. ಯಾವ ಡಬ್ಬಿ ಸೇತುವೆಯ ಮೆಟ್ಟಿಲಿಗೆ ಸರಿಯಾಗಿ ನಿಲ್ಲುತ್ತದೆ ಎಂಬುದೂ ಅವಳಿಗೆ ಬಾಯಿಪಾಠ. ಅದೇ ಹುಡುಗಿ ರಸ್ತೆಯನ್ನು ಕಂಡಿರುವುದು ರಿಕ್ಷಾದ ಹಿಂದಿನ ಸೀಟಿನಿಂದ, ಅದೂ ಕಣ್ಣನ್ನು ಮೊಬೈಲಿನಲ್ಲಿಟ್ಟು. ಊರಿನ ಕಡೆಯ ಮಕ್ಕಳು ಸೈಕಲ್ ತುಳಿಯುತ್ತಲೇ ರಸ್ತೆಯ ಸ್ವಭಾವ ತಿಳಿದುಕೊಳ್ಳುತ್ತಾರೆ. ಇಲ್ಲಿ ಸೈಕಲ್ ಸೊಸೈಟಿಯ ಗೇಟು ದಾಟುವುದೇ ಅಪರೂಪ. ಹಾಗಾಗಿ ಹದಿನೆಂಟು ತುಂಬಿ ಸ್ಟೇರಿಂಗ್ ಮುಂದೆ ಕೂರುವಾಗ ನಮ್ಮ ಮಕ್ಕಳಿಗೆ ಗಾಡಿ ಮಾತ್ರವಲ್ಲ, ರಸ್ತೆಯೂ ಹೊಸದು.

ಗಾಡಿ ಕಲಿಸುವ ನನ್ನಂಥವರ ಬಳಿ ಬರುವ ತಂದೆತಾಯಿ ಮೊದಲು ಕೇಳುವುದು ಒಂದೇ ಪ್ರಶ್ನೆ: "ಮಾಸ್ತರೇ, ಎಷ್ಟು ದಿನದಲ್ಲಿ ಕಲೀತಾನೆ?" ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಕಾರಿನ ತರಬೇತಿ ಕನಿಷ್ಠ 21 ದಿನದ್ದು, ಅದರಲ್ಲಿ ಗಾಡಿ ಓಡಿಸುವ ಹೊತ್ತು ಕನಿಷ್ಠ 10 ಗಂಟೆ. ಹತ್ತು ಗಂಟೆಯಲ್ಲಿ ಕ್ಲಚ್ಚು, ಗೇರು, ರಿವರ್ಸು ಬರುತ್ತವೆ. ನಿಂತ ಬೆಸ್ಟ್ ಬಸ್ಸಿನ ಮರೆಯಿಂದ ಯಾರಾದರೂ ಓಡಿ ಬರಬಹುದು ಎಂಬ ಊಹೆ ಬರುವುದಿಲ್ಲ. ಅದಕ್ಕೆ ಒಂದೆರಡು ವರ್ಷವಾದರೂ ಬೇಕು. ಆ ವರ್ಷಗಳಲ್ಲಿ ಪಕ್ಕದ ಸೀಟಿನಲ್ಲಿ ಕೂರಬೇಕಾದವರು ನೀವು, ನಾನಲ್ಲ.

ಮೊದಲು ಕಾನೂನನ್ನು ನೋಡೋಣ. 1988ರ ಮೋಟಾರು ವಾಹನ ಕಾಯ್ದೆಯಂತೆ 18 ತುಂಬದವರು ಸಾರ್ವಜನಿಕ ಜಾಗದಲ್ಲಿ ವಾಹನ ಓಡಿಸುವಂತಿಲ್ಲ. 16 ತುಂಬಿದವರಿಗೆ ಒಂದು ಸಣ್ಣ ವಿನಾಯಿತಿ ಇದೆ: 50 ಸಿಸಿ ಮೀರದ ದ್ವಿಚಕ್ರ ವಾಹನ, ಅದೂ ಪಾಲಕರ ಲಿಖಿತ ಒಪ್ಪಿಗೆಯಿಂದ ಪಡೆದ ಲೈಸೆನ್ಸಿನೊಂದಿಗೆ. "ಆಕ್ಟಿವಾಕ್ಕೆ ಗೇರಿಲ್ಲ, ಹದಿನಾರಕ್ಕೆ ಓಡಿಸಬಹುದು" ಎಂದು ಎಷ್ಟೋ ಜನ ನಂಬಿದ್ದಾರೆ. ಆಕ್ಟಿವಾ 110 ಇಲ್ಲವೇ 125 ಸಿಸಿಯ ಗಾಡಿ. ಹದಿನಾರರವರಿಗೆ ಅದು ಸಲ್ಲದು. ವಿದ್ಯುತ್ ಸ್ಕೂಟರಿನ ಅಂಗಡಿಯವರು "ಇದಕ್ಕೆ ಲೈಸೆನ್ಸೇ ಬೇಡ" ಎಂದರೆ ಎರಡು ಸಂಖ್ಯೆ ಕೇಳಿ ನೋಡಿ. ಮೋಟಾರಿನ ಶಕ್ತಿ 250 ವ್ಯಾಟಿನೊಳಗೆ, ವೇಗ ಗಂಟೆಗೆ 25 ಕಿ.ಮೀ. ಒಳಗೆ ಇದ್ದರೆ ಮಾತ್ರ ಆ ಮಾತು ನಿಜ.

2019ರ ತಿದ್ದುಪಡಿಯಲ್ಲಿ ಸೇರಿದ 199ಎ ಕಲಮು ನೇರವಾಗಿ ತಂದೆತಾಯಿಗೆ ಸಂಬಂಧಿಸಿದ್ದು. ಅಪ್ರಾಪ್ತರು ಗಾಡಿ ಓಡಿಸಿ ಅಪರಾಧ ನಡೆದರೆ ಪಾಲಕರು ಇಲ್ಲವೇ ಗಾಡಿಯ ಮಾಲೀಕರು ತಪ್ಪಿತಸ್ಥರು. ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು, ಮಗುವಿಗೆ 25 ತುಂಬುವ ತನಕ ಲೈಸೆನ್ಸ್ ಇಲ್ಲ. "ಕೀ ತೆಗೆದುಕೊಂಡು ಹೋದದ್ದು ನನಗೆ ಗೊತ್ತೇ ಇರಲಿಲ್ಲ" ಎನ್ನುವುದಾದರೆ ಅದನ್ನು ಸಾಬೀತು ಮಾಡುವ ಹೊಣೆ ನಿಮ್ಮದೇ. ನ್ಯಾಯಾಲಯ ನಿಮ್ಮ ಒಪ್ಪಿಗೆ ಇತ್ತೆಂದೇ ಭಾವಿಸಿ ಆರಂಭಿಸುತ್ತದೆ. 2024ರ ಮೇ 19ರ ನಸುಕಿನಲ್ಲಿ ಪುಣೆಯ ಕಲ್ಯಾಣಿನಗರದಲ್ಲಿ ಹದಿನೇಳರ ಹುಡುಗನಿದ್ದ ಪೋರ್ಶೆ ಕಾರು ಬೈಕಿಗೆ ಬಡಿದು ಇಬ್ಬರು ಯುವ ಎಂಜಿನಿಯರುಗಳು ಸತ್ತದ್ದು ನಿಮಗೆ ನೆನಪಿರಬಹುದು. ಹುಡುಗನಿಗೆ ಜಾಮೀನು ಕೊಡುವಾಗ 300 ಪದಗಳ ಪ್ರಬಂಧ ಬರೆಯಲು ಹೇಳಿದ್ದು ದೇಶವೆಲ್ಲ ಚರ್ಚೆಯಾಯಿತು. ಅದೇ ಪ್ರಕರಣದಲ್ಲಿ ತಂದೆ ಬಂಧನಕ್ಕೊಳಗಾದದ್ದರ ಬಗ್ಗೆ ನಮ್ಮ ಮನೆಗಳಲ್ಲಿ ಅಷ್ಟು ಮಾತಾದಂತಿಲ್ಲ.

"ನಮ್ಮಲ್ಲಿ ಪೋರ್ಶೆ ಎಲ್ಲಿಂದ ಬರಬೇಕು?" ಎನ್ನಬೇಡಿ. ನಮ್ಮ ಮನೆಗಳಲ್ಲಿ ಇದು ಬೇರೆ ರೂಪದಲ್ಲಿದೆ. ಮೇ ತಿಂಗಳ ರಜೆಗೆ ಕುಂದಾಪುರಕ್ಕೋ ಕಾರ್ಕಳಕ್ಕೋ ಹೋಗುತ್ತೇವೆ. ಅಲ್ಲಿ ಮಾವನ ಸ್ಕೂಟರ್ ಅಂಗಳದಲ್ಲೇ ಇರುತ್ತದೆ. "ಹಾಲು ತಗೊಂಡು ಬಾ ಮಗಾ, ಇಲ್ಲಿ ಯಾರು ಹಿಡೀತಾರೆ" ಎಂದು ಹದಿನೈದರ ಹುಡುಗನ ಕೈಗೆ ಕೀ ಕೊಡುವವರು ಬಹಳ ಸಲ ಅಜ್ಜನೇ. ಜೂನಿನಲ್ಲಿ ಹುಡುಗ ಮುಂಬಯಿಗೆ ಮರಳುವ ಹೊತ್ತಿಗೆ ತನಗೆ ಗಾಡಿ ಬರುತ್ತದೆ ಎಂಬ ನಂಬಿಕೆ ಗಟ್ಟಿಯಾಗಿರುತ್ತದೆ. ಎದುರಿನಿಂದ ಹತ್ತು ನಿಮಿಷಕ್ಕೊಂದು ಗಾಡಿ ಬರುವ ರಸ್ತೆಯಲ್ಲಿ ಕಲಿತದ್ದನ್ನು ಅವನು ಸಾಕಿನಾಕಾದಲ್ಲಿ ಪ್ರಯೋಗಿಸುತ್ತಾನೆ. ಕಾಯ್ದೆ ಕುಂದಾಪುರಕ್ಕೂ ಒಂದೇ, ಕುರ್ಲಾಕ್ಕೂ ಒಂದೇ. ಅಜ್ಜನಿಗೆ ಇದನ್ನು ಮೊದಲೇ ಫೋನಿನಲ್ಲಿ ಹೇಳಿಡಿ. ಅಂಗಳದಲ್ಲಿ ನಿಂತು, ಮಗನ ಎದುರಿಗೇ ಹೇಳಿದರೆ ಜಗಳವಾಗುತ್ತದೆ.

ಹಾಗಾದರೆ ಹದಿನೆಂಟರವರೆಗೆ ಮಾಡುವುದೇನು? ಮಾಡಬೇಕಾದ ಅರ್ಧ ಕೆಲಸ ಈ ವರ್ಷಗಳದ್ದೇ. ಮಗು ಮುಂದಿನ ಸೀಟಿನಲ್ಲಿ ಕೂತಾಗ ಮೊಬೈಲ್ ಒಳಗಿಡಲು ಹೇಳಿ, ಕಂಡದ್ದನ್ನು ಬಾಯಿಬಿಟ್ಟು ಹೇಳುವ ಆಟ ಆಡಿಸಿ. "ಎಡಗಡೆ ರಿಕ್ಷಾ ನಿಧಾನ ಆಗ್ತಿದೆ, ಯಾರೋ ಕೈ ತೋರಿಸಿರಬೇಕು, ಈಗ ತಟ್ಟನೆ ನಿಲ್ಲುತ್ತೆ." "ನಿಂತ ಟೆಂಪೋದ ಚಕ್ರ ಬಲಕ್ಕೆ ತಿರುಗಿದೆ, ಹೊರಗೆ ಬರುತ್ತೆ." ಬ್ರಿಟನ್ನಿನ ಪೊಲೀಸ್ ಚಾಲಕರಿಗೆ ತರಬೇತಿ ಕೊಡುವಾಗಲೂ ಹೀಗೆ ಗಟ್ಟಿಯಾಗಿ ಹೇಳಿಸುವ ಪದ್ಧತಿ ಇದೆ. ಇದಕ್ಕೆ ಕಾರೇ ಬೇಕೆಂದಿಲ್ಲ, ಬೆಸ್ಟ್ ಬಸ್ಸಿನ ಮುಂದಿನ ಸೀಟು ಸಾಕು. ಕೆಲವು ತಿಂಗಳಲ್ಲಿ ಮಗು ನಿಮಗಿಂತ ಮೊದಲೇ ಅಪಾಯ ಕಾಣತೊಡಗುತ್ತದೆ. ಆಗ ನಿಮ್ಮ ತಪ್ಪನ್ನೂ ತೋರಿಸುತ್ತದೆ, ಸಿದ್ಧರಾಗಿರಿ. ಜೊತೆಗೆ ಒಂದು ಸಣ್ಣ ಅಭ್ಯಾಸ: ನಿಂತ ಕಾರಿನ ಬಲಬಾಗಿಲನ್ನು ಎಡಗೈಯಿಂದ ತೆರೆಯುವುದು. ಮೈ ತಾನಾಗಿಯೇ ಹಿಂದಕ್ಕೆ ತಿರುಗುತ್ತದೆ, ಬರುತ್ತಿರುವ ಬೈಕು ಕಣ್ಣಿಗೆ ಬೀಳುತ್ತದೆ.

ನೀವು ಗಾಡಿ ಓಡಿಸುವುದನ್ನು ಮಗು ಹತ್ತು ವರ್ಷ ನೋಡಿರುತ್ತದೆ. ನನ್ನಲ್ಲಿಗೆ ಬರುವ ಹುಡುಗ ಹಳದಿ ದೀಪ ಕಂಡು ವೇಗ ಹೆಚ್ಚಿಸಿದರೆ ಅವನಪ್ಪ ಹೇಗೆ ಓಡಿಸುತ್ತಾರೆಂದು ಕೇಳಬೇಕಾಗಿಲ್ಲ. ಹಾರ್ನಿನ ಕತೆಯೂ ಇದೇ. ಮುಂಬಯಿ ಟ್ರಾಫಿಕ್ ಪೊಲೀಸರು ಕೆಲವು ಸಿಗ್ನಲ್‌ಗಳಿಗೆ ಸದ್ದು ಅಳೆಯುವ ಯಂತ್ರ ಜೋಡಿಸಿ, ಹಾರ್ನಿನ ಗದ್ದಲ 85 ಡೆಸಿಬಲ್ ದಾಟಿದರೆ ಕೆಂಪು ದೀಪದ ಎಣಿಕೆ ಮೊದಲಿನಿಂದ ಶುರುವಾಗುವಂತೆ ಮಾಡಿದ ಪ್ರಯೋಗ 2020ರಲ್ಲಿ ಸುದ್ದಿಯಾಗಿತ್ತು. ಎಲ್ಲರೂ ನಕ್ಕೆವು, ಮರುದಿನ ಮತ್ತೆ ಹಾರ್ನ್ ಒತ್ತಿದೆವು. ಹಿಂದಿನ ಸೀಟಿನ ಬೆಲ್ಟಿನ ಮಾತಂತೂ 2022ರ ಸೆಪ್ಟೆಂಬರ್ 4ರವರೆಗೆ ಯಾರ ಮನೆಯಲ್ಲೂ ಇರಲಿಲ್ಲ. ಅಂದು ಪಾಲ್ಘರ್ ಬಳಿ ಸೂರ್ಯಾ ನದಿಯ ಸೇತುವೆಯಲ್ಲಿ ಸೈರಸ್ ಮಿಸ್ತ್ರಿಯವರ ಕಾರು ಬಡಿಯಿತು. ಹಿಂದೆ ಬೆಲ್ಟಿಲ್ಲದೆ ಕೂತಿದ್ದ ಇಬ್ಬರೂ ಸತ್ತರು, ಮುಂದಿದ್ದ ಇಬ್ಬರು ಉಳಿದರು. ಅದೇ ನವೆಂಬರ್ 1ರಿಂದ ಮುಂಬಯಿ ಪೊಲೀಸರು ಎಲ್ಲ ಸೀಟಿಗೂ ಬೆಲ್ಟ್ ಕಡ್ಡಾಯ ಎಂದರು. ನಿಮ್ಮ ಕಾರಿನಲ್ಲಿ ಅಜ್ಜಿಯೂ ಬೆಲ್ಟ್ ಹಾಕಿದ ಮೇಲೆಯೇ ಗಾಡಿ ಹೊರಡುವುದಾದರೆ ಮಗುವಿಗೆ ಆ ಪಾಠ ಬೇರೆಯಾಗಿ ಹೇಳಬೇಕಿಲ್ಲ.

ಹದಿನೆಂಟು ತುಂಬಿತು. ಸಾರಥಿ ಪೋರ್ಟಲಿನಲ್ಲಿ ಅರ್ಜಿ ಹಾಕಿ, ಆಧಾರ್ ಇದ್ದರೆ ಮನೆಯಲ್ಲೇ ಕೂತು ಲರ್ನಿಂಗ್ ಲೈಸೆನ್ಸಿನ ಪರೀಕ್ಷೆ ಕೊಡಬಹುದು. ಶೇಕಡಾ 60 ಉತ್ತರ ಸರಿಯಾದರೆ ಪಾಸು. ಪಕ್ಕದಲ್ಲಿ ಕೂತು ಉತ್ತರ ಹೇಳಿಕೊಡುವ ಅಪ್ಪಂದಿರ ಬಗ್ಗೆ ಕೇಳಿದ್ದೇನೆ. ದಯವಿಟ್ಟು ಪಕ್ಕದ ಕೋಣೆಗೆ ಹೋಗಿ. ಲರ್ನಿಂಗ್ ಲೈಸೆನ್ಸಿನ ಅವಧಿ ಆರು ತಿಂಗಳು. 30 ದಿನ ಕಳೆದ ಮೇಲೆ ತಾಡದೇವ್, ಅಂಧೇರಿ, ವಡಾಲಾ, ಬೊರಿವಿಲಿ, ಹೀಗೆ ನಿಮ್ಮ ವ್ಯಾಪ್ತಿಯ ಆರ್‌ಟಿಒದಲ್ಲಿ ಪಕ್ಕಾ ಲೈಸೆನ್ಸಿನ ಪರೀಕ್ಷೆ. ಮೂವತ್ತನೆಯ ದಿನವೇ ಹೋಗಬೇಕೆಂಬ ನಿಯಮವೇನೂ ಇಲ್ಲ. ಆರು ತಿಂಗಳಿನಲ್ಲಿ ಐದನ್ನಾದರೂ ಅಭ್ಯಾಸಕ್ಕೆ ಬಳಸಿ ಎಂಬುದು ನನ್ನ ಸಲಹೆ. ಆ ಐದರಲ್ಲಿ ಒಂದೆರಡು ಮಳೆಗಾಲದ ತಿಂಗಳಾದರೆ ಇನ್ನೂ ಒಳ್ಳೆಯದು. ಗಾಡಿಯ ಹಿಂದೆ ಮುಂದೆ ಬಿಳಿ ಹಲಗೆಯ ಮೇಲೆ ಕೆಂಪು 'ಎಲ್' ಇರಬೇಕು, ಪಕ್ಕದಲ್ಲಿ ಲೈಸೆನ್ಸ್ ಇರುವವರು ಗಾಡಿಯನ್ನು ತಡೆದು ನಿಲ್ಲಿಸುವಂತೆ ಕೂತಿರಬೇಕು.

ಆ ಪಕ್ಕದ ಸೀಟಿನಲ್ಲಿ ಕೂರುವುದೂ ಕಲಿಯಬೇಕಾದ ವಿದ್ಯೆಯೇ. ನಮ್ಮ ಶಾಲೆಯ ಕಾರಿನಲ್ಲಿ ನನ್ನ ಕಾಲ ಕೆಳಗೂ ಬ್ರೇಕು, ಕ್ಲಚ್ಚು ಇರುತ್ತವೆ; ನಿಮ್ಮ ಕಾರಿನಲ್ಲಿ ಇರುವುದಿಲ್ಲ. ಅದಕ್ಕೇ ಶಾಲೆಯ ತರಬೇತಿ ಮುಗಿಯುವ ಮೊದಲು ಮನೆಯ ಕಾರು ಕೊಡಬೇಡಿ. ಭಾನುವಾರ ನಸುಕಿನಲ್ಲಿ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನ ಅಗಲ ರಸ್ತೆಗಳು ಒಳ್ಳೆಯ ಜಾಗ, ಓಟಗಾರರನ್ನೂ ಸೈಕಲಿನವರನ್ನೂ ನೋಡಿಕೊಂಡರೆ. ಆರೇ ಕಾಲನಿಯಲ್ಲಿ ತಿರುವು ಹೆಚ್ಚು, ವಾಕಿಂಗಿಗೆ ಬಂದವರು ಹೆಚ್ಚು. ನವಿ ಮುಂಬಯಿಯ ಪಾಮ್ ಬೀಚ್ ರಸ್ತೆ ನೋಡಲು ಚಂದ, ಅಲ್ಲಿನ ಗಾಡಿಗಳ ವೇಗ ಹೊಸಬರಿಗೆ ಆಗದು. ಸೊಸೈಟಿಯ ಕಾಂಪೌಂಡು ಮಕ್ಕಳು ಆಡುವ ಜಾಗ; ರಿವರ್ಸ್ ಕಲಿಯಲು ಅಲ್ಲಿಗೆ ಹೋಗುವುದೇ ಬೇಡ.

ಸೂಚನೆ ಕೊಡುವಾಗ ಮೊದಲು ಎಲ್ಲಿ, ಆಮೇಲೆ ಏನು. "ಪೆಟ್ರೋಲ್ ಪಂಪ್ ದಾಟಿದ ಮೇಲೆ, ಎಡಕ್ಕೆ." "ಎಡಕ್ಕೆ!" ಎಂದು ಮೊದಲು ಕೂಗಿದರೆ ಮಗು ಆ ಕ್ಷಣವೇ ತಿರುಗಿಸುತ್ತದೆ. ಮನೆಯಲ್ಲಿ ತುಳುವೋ ಕನ್ನಡವೋ ಆಡುವ ಅಪ್ಪಂದಿರು ಗಾಬರಿಯಾದಾಗ "ಅರೇ ಬ್ರೇಕ್ ಮಾರ್!" ಎಂದು ಹಿಂದಿಗೆ ಇಳಿಯುವುದನ್ನು ಕಂಡಿದ್ದೇನೆ. ಭಾಷೆ ಯಾವುದಾದರೂ ಆಗಲಿ, ದನಿ ಏರಿದೊಡನೆ ಹೊಸ ಚಾಲಕ ರಸ್ತೆ ಬಿಟ್ಟು ನಿಮ್ಮ ಮುಖ ನೋಡುತ್ತಾನೆ. ತಪ್ಪಾದರೆ ಅಲ್ಲಿ ಹೇಳಬೇಡಿ, ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ, "ಆಗ ಏನು ಕಂಡಿತು?" ಎಂದು ಕೇಳಿ. ಕೆಲವು ಮನೆಗಳಲ್ಲಿ ಅಮ್ಮ ಕಲಿಸಿದರೆ ಬೇಗ ಕಲಿಯುತ್ತಾರೆ, ಕೆಲವೆಡೆ ಚಿಕ್ಕಪ್ಪ. ನಿಮಗೆ ತಾಳ್ಮೆ ಇಲ್ಲವೆಂದು ಗೊತ್ತಿದ್ದರೆ ಆ ಸೀಟನ್ನು ತಾಳ್ಮೆ ಇರುವವರಿಗೆ ಬಿಟ್ಟುಕೊಡಿ.

ಇಷ್ಟು ಹೊತ್ತು ಕಾರಿನ ಮಾತಾಡಿದೆ. ಆದರೆ ಮುಂಬಯಿಯ ಹುಡುಗ ಹುಡುಗಿಯರ ಕೈಗೆ ಮೊದಲು ಬರುವುದು ಸ್ಕೂಟರು, ಮತ್ತು ಅದನ್ನು ಬಹುಮಟ್ಟಿಗೆ ಯಾರೂ ಕಲಿಸುವುದಿಲ್ಲ. ಈ ನಗರದ ರಸ್ತೆ ಸಾವುಗಳಲ್ಲಿ ದೊಡ್ಡ ಪಾಲು ಪಾದಚಾರಿಗಳದ್ದು ಮತ್ತು ದ್ವಿಚಕ್ರದವರದ್ದು. ದಾದಾರಾವ್ ಬಿಲ್ಹೊರೆ ಅವರ ಹೆಸರು ಇಲ್ಲಿ ಹೇಳಲೇಬೇಕು. ಅಂಧೇರಿ ಕಡೆಯ ಈ ತರಕಾರಿ ವ್ಯಾಪಾರಿಯ ಹದಿನಾರರ ಮಗ ಪ್ರಕಾಶ್ 2015ರ ಜುಲೈ 28ರಂದು ಜೋಗೇಶ್ವರಿ-ವಿಕ್ರೋಲಿ ಲಿಂಕ್ ರಸ್ತೆಯಲ್ಲಿ ಬೈಕಿನ ಹಿಂದೆ ಕೂತು ಬರುತ್ತಿದ್ದ. ಮಳೆನೀರು ತುಂಬಿದ ಗುಂಡಿಗೆ ಬೈಕು ಬಿತ್ತು, ಪ್ರಕಾಶ್ ಉಳಿಯಲಿಲ್ಲ. ಅಂದಿನಿಂದ ಆ ತಂದೆ ಊರಿನ ಗುಂಡಿಗಳನ್ನು ತಾವೇ ಕಲ್ಲುಮಣ್ಣು ಹಾಕಿ ಮುಚ್ಚುತ್ತ ಬಂದಿದ್ದಾರೆ. ಗುಂಡಿಯ ಹೊಣೆ ಪಾಲಿಕೆಯದು, ಅದನ್ನು ಕೇಳುತ್ತಲೇ ಇರಬೇಕು. ಆದರೆ ನೀರು ನಿಂತಲ್ಲೆಲ್ಲ ಗುಂಡಿ ಇದೆ ಎಂದುಕೊಂಡೇ ಓಡಿಸಲು ಮಗುವಿಗೆ ಕಲಿಸುವುದು ನಿಮ್ಮ ಕೈಯಲ್ಲಿದೆ.

ಸ್ಕೂಟರಿನಲ್ಲಿ ಮೊದಲ ಪಾಠ ಬ್ರೇಕು. ಹಿಂದಿನ ಬ್ರೇಕೊಂದನ್ನೇ ಹಿಡಿಯುವ ಹುಡುಗರು ಬಹಳ. ಗಾಡಿಯನ್ನು ನಿಲ್ಲಿಸುವ ಶಕ್ತಿ ಹೆಚ್ಚಾಗಿ ಮುಂದಿನದರಲ್ಲಿದೆ. ಎರಡನ್ನೂ ಕೂಡಿಸಿ, ಹಂತಹಂತವಾಗಿ, ಹ್ಯಾಂಡಲ್ ನೇರವಿದ್ದಾಗ ಹಿಡಿಯುವುದನ್ನು ಖಾಲಿ ಜಾಗದಲ್ಲಿ ಮಾಡಿಸಿ. ಒದ್ದೆಯಾದ ಮ್ಯಾನ್‌ಹೋಲ್ ಮುಚ್ಚಳ, ಪೇವರ್ ಬ್ಲಾಕು, ಝೀಬ್ರಾದ ಬಣ್ಣ, ಮೆಟ್ರೊ ಕಾಮಗಾರಿಯ ಕಬ್ಬಿಣದ ಹಾಳೆ, ಇವುಗಳ ಮೇಲೆ ಬ್ರೇಕ್ ಹಿಡಿಯುವಂತಿಲ್ಲ, ಮೊದಲೇ ನಿಧಾನವಾಗಿರಬೇಕು. ಎರಡನೆಯದು ದೊಡ್ಡ ಗಾಡಿ. ಬಸ್ಸಿನ, ಡಂಪರಿನ ಎಡಗಡೆ ನುಸುಳುವುದು ಈ ಊರಿನ ಚಟ. ಬಸ್ಸಿನ ಕನ್ನಡಿಯಲ್ಲಿ ಚಾಲಕನ ಮುಖ ನಿನಗೆ ಕಾಣದಿದ್ದರೆ ನೀನೂ ಅವನಿಗೆ ಕಾಣುವುದಿಲ್ಲ ಎಂಬ ಒಂದೇ ಮಾತನ್ನು ಸಿಕ್ಕಾಗಲೆಲ್ಲ ಹೇಳಿ. ಹೆಲ್ಮೆಟ್ ಐಎಸ್‌ಐ ಗುರುತಿನದು, ಪಟ್ಟಿ ಬಿಗಿದದ್ದು. 2022ರ ಜೂನಿನಿಂದ ಮುಂಬಯಿಯಲ್ಲಿ ಹಿಂದೆ ಕೂತವರಿಗೂ ಕಡ್ಡಾಯವಾಗಿ ಜಾರಿಯಲ್ಲಿದೆ. ಆದ್ದರಿಂದ ಕೊಳ್ಳುವಾಗ ಎರಡು ಕೊಳ್ಳಿ. ಇನ್ನೊಂದು: ಬಾಂದ್ರಾ-ವರ್ಲಿ ಸಮುದ್ರ ಸೇತುವೆ, ಕೋಸ್ಟಲ್ ರೋಡ್, ಅಟಲ್ ಸೇತು, ಜೆ.ಜೆ. ಮೇಲ್ಸೇತುವೆ, ಇವೆಲ್ಲ ದ್ವಿಚಕ್ರಕ್ಕೆ ನಿಷಿದ್ಧ. ಮೊಬೈಲ್ ನಕ್ಷೆಯನ್ನು ಕಾರಿನ ಕ್ರಮದಲ್ಲೇ ಇಟ್ಟುಕೊಂಡ ಹುಡುಗ ನೇರ ಅಲ್ಲಿಗೆ ಹೋಗಿ, ಸಿಕ್ಕಿಬಿದ್ದು, ಗಾಬರಿಯಲ್ಲಿ ಎದುರುದಿಕ್ಕಿಗೆ ತಿರುಗಿಸುತ್ತಾನೆ. ನಕ್ಷೆಯಲ್ಲಿ ದ್ವಿಚಕ್ರದ ಆಯ್ಕೆ ಇದೆ, ಹೊರಡುವ ಮೊದಲೇ ಒತ್ತಿಸಿ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ನಮ್ಮ ಕಾನೂನಿನಲ್ಲಿ ಲೈಸೆನ್ಸ್ ಕೈಗೆ ಬಂದ ದಿನವೇ ಎಲ್ಲ ಬಾಗಿಲೂ ಒಟ್ಟಿಗೆ ತೆರೆಯುತ್ತವೆ: ರಾತ್ರಿ, ಮಳೆ, ಎಕ್ಸ್‌ಪ್ರೆಸ್‌ವೇ, ಕಾರು ತುಂಬ ಗೆಳೆಯರು. ನ್ಯೂಜಿಲೆಂಡಿನವರು 1987ರಲ್ಲೇ ಇದನ್ನು ಮೂರು ಮೆಟ್ಟಿಲು ಮಾಡಿದರು. ಮೊದಲು ಕಲಿಕೆಯ ಲೈಸೆನ್ಸ್, ಆಮೇಲೆ ನಿರ್ಬಂಧಿತ ಲೈಸೆನ್ಸ್, ಕೊನೆಗೆ ಪೂರ್ಣ. ನಡುವಿನ ಮೆಟ್ಟಿಲಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಐದರವರೆಗೆ ಒಬ್ಬರೇ ಓಡಿಸುವಂತಿಲ್ಲ, ಅನುಭವಿ ಚಾಲಕರು ಪಕ್ಕದಲ್ಲಿಲ್ಲದೆ ಗೆಳೆಯರನ್ನು ಕೂರಿಸಿಕೊಳ್ಳುವಂತಿಲ್ಲ. 1990ರ ದಶಕದಿಂದ ಅಮೆರಿಕದ ರಾಜ್ಯಗಳೂ ಇಂಥ ಕ್ರಮಗಳನ್ನು ತಂದವು. ನಮ್ಮಲ್ಲಿ ಸರ್ಕಾರ ಕಟ್ಟದ ಮೆಟ್ಟಿಲನ್ನು ಮನೆಯಲ್ಲೇ ಕಟ್ಟಬೇಕು. ಕೀ ನಿಮ್ಮದು, ಪೆಟ್ರೋಲಿನ ದುಡ್ಡೂ ನಿಮ್ಮದು. ಮೇಲಾಗಿ ಕಾಲೇಜಿಗೆ ಹೋಗಲು ಗಾಡಿಯೇ ಬೇಕು ಎಂಬ ವಾದ ಈ ಊರಿನಲ್ಲಿ ನಿಲ್ಲುವುದಿಲ್ಲ. ಲೋಕಲ್ ಇದೆ, ಬಸ್ಸಿದೆ, ಮೆಟ್ರೊ ಇದೆ.

ಮೊದಲ ಮೂರು ತಿಂಗಳು ಹಗಲು, ಗೊತ್ತಿರುವ ರಸ್ತೆ, ಪಕ್ಕದಲ್ಲಿ ಹಿರಿಯರು. ಆಮೇಲೆ ಹಗಲಿನಲ್ಲಿ ಒಬ್ಬರೇ, ಉಪನಗರದೊಳಗೆ. ಸಾಯನ್, ಮಾಹೀಮ್ ದಾಟಿ ದಕ್ಷಿಣಕ್ಕೆ ಹೋದರೆ ರಿಕ್ಷಾಗಳಿಲ್ಲ, ಸಿಗ್ನಲ್‌ಗಳ ಲಯವೇ ಬೇರೆ. ಅದನ್ನು ಒಮ್ಮೆ ನೀವೇ ಜೊತೆಗಿದ್ದು ತೋರಿಸಿ. ರಾತ್ರಿಯನ್ನು ಇನ್ನೂ ತಡವಾಗಿ ಕೊಡಿ. ಗೆಳೆಯರನ್ನು ಕೂರಿಸಿಕೊಳ್ಳುವುದು ಎಲ್ಲಕ್ಕಿಂತ ಕೊನೆಗೆ. ಹರೆಯದ ಚಾಲಕರ ಕಾರಿನಲ್ಲಿ ಅದೇ ವಯಸ್ಸಿನವರು ಹೆಚ್ಚಿದಂತೆ ಸಾವಿನ ಅಪಾಯವೂ ಏರುತ್ತದೆ ಎಂದು ಅಮೆರಿಕದ ಅಧ್ಯಯನಗಳು ತೋರಿಸಿವೆ. ಒಬ್ಬನೇ ಇದ್ದಾಗ ಶಿಸ್ತಾಗಿ ಓಡಿಸುವ ಹುಡುಗ ಮೂವರು ಗೆಳೆಯರು ಹತ್ತಿದೊಡನೆ ಬೇರೆಯೇ ಚಾಲಕ. ಮಕ್ಕಳನ್ನು ಬಲ್ಲ ಯಾರಿಗೂ ಇದಕ್ಕೆ ಅಂಕಿಅಂಶ ಬೇಕಿಲ್ಲ.

ಫೋನಿನ ಬಗ್ಗೆ ಉಪದೇಶ ಬೇಡ, ಲೆಕ್ಕ ಮಾಡಿಸಿ. ಗಂಟೆಗೆ 40 ಕಿ.ಮೀ. ಅಂದರೆ ಸೆಕೆಂಡಿಗೆ 11 ಮೀಟರ್. ಮೂರು ಸೆಕೆಂಡು ಪರದೆ ನೋಡಿದರೆ 33 ಮೀಟರ್, ಅಂದರೆ ಲೋಕಲಿನ ಒಂದೂವರೆ ಡಬ್ಬಿಯಷ್ಟು ದೂರ, ಕಣ್ಣು ಮುಚ್ಚಿ ಹೋದಂತಾಯಿತು. ನಡುವಿನ ಅಂತರಕ್ಕೂ ಹೀಗೇ: ಮುಂದಿನ ಗಾಡಿ ಒಂದು ಕಂಬ ದಾಟಿದಾಗ "ಸಾವಿರದ ಒಂದು, ಸಾವಿರದ ಎರಡು" ಎಂದು ಎಣಿಸಿ ಮುಗಿಯುವ ಮೊದಲು ನೀವು ಆ ಕಂಬ ಮುಟ್ಟಿದರೆ ಬಹಳ ಹತ್ತಿರವಿದ್ದೀರಿ. ಮಳೆಯಲ್ಲಿ ನಾಲ್ಕರವರೆಗೆ ಎಣಿಸಿ. ಖಾಲಿ ಬಿಟ್ಟ ಜಾಗಕ್ಕೆ ರಿಕ್ಷಾ ನುಗ್ಗುತ್ತದೆ, ನಿಜ. ನುಗ್ಗಲಿ, ಮತ್ತೆ ಹಿಂದೆ ಸರಿದರಾಯಿತು.

ಮುಂಬಯಿಯ ಮಳೆ ಬೇರೆಯೇ ಪಾಠ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದಾಗ ಕಾರಿನೊಳಗೇ ಸಿಕ್ಕಿಕೊಂಡು ಸತ್ತವರಿದ್ದಾರೆ. ಅಂಧೇರಿ, ಮಿಲನ್ ಸಬ್‌ವೇಗಳಲ್ಲಿ ನೀರು ಕಂಡರೆ ಮುಂದಿನವನು ದಾಟಿದ ಎಂದು ನುಗ್ಗಬಾರದು. ನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಬಾರದು. ಬೆಲ್ಟ್ ಬಿಚ್ಚು, ಕಿಟಕಿ ಕೆಲಸ ಮಾಡುತ್ತಿರುವಾಗಲೇ ಇಳಿಸು, ಕಾರು ಬಿಟ್ಟು ಹೊರಗೆ ಬಾ: ಈ ಕ್ರಮ ಮಗುವಿಗೆ ಬಾಯಿಪಾಠ ಇರಲಿ. "ಕಾರು ಹೋದರೆ ಹೋಗಲಿ" ಎಂದು ನೀವೇ ಸ್ಪಷ್ಟವಾಗಿ ಹೇಳಿಟ್ಟಿರಬೇಕು. ಅಪ್ಪ ಬೈಯುತ್ತಾರೆಂಬ ಹೆದರಿಕೆಗೆ ಗಾಡಿಯೊಳಗೇ ಕೂರುವ ಮಕ್ಕಳಿರುತ್ತಾರೆ.

ಅದೇ ಹೆದರಿಕೆ ಅಪಘಾತವಾದಾಗ ಓಡಿಹೋಗುವಂತೆಯೂ ಮಾಡುತ್ತದೆ. ನಿಲ್ಲಿಸಬೇಕು, ಗಾಯಾಳುವಿಗೆ ಚಿಕಿತ್ಸೆ ಸಿಗುವಂತೆ ನೋಡಬೇಕು, 108 ಅಥವಾ 112ಕ್ಕೆ ಕರೆ ಮಾಡಬೇಕು. ಇದು ಚಾಲಕನ ಕಾನೂನಿನ ಕರ್ತವ್ಯ. ಗುಂಪು ರೊಚ್ಚಿಗೆದ್ದು ನಿಲ್ಲಲಾಗದ ಸ್ಥಿತಿಯನ್ನು ಕಾಯ್ದೆಯೇ ಒಪ್ಪುತ್ತದೆ. ಆಗ ನೇರ ಪೊಲೀಸ್ ಠಾಣೆಗೆ ಹೋಗಬೇಕು, ಮನೆಗಲ್ಲ. ಕುಡಿತದ ವಿಷಯದಲ್ಲಿ ಒಂದು ಒಪ್ಪಂದ ಇಟ್ಟುಕೊಳ್ಳಿ. ತಾನು ಕುಡಿದಿರಲಿ, ಓಡಿಸುವ ಗೆಳೆಯ ಕುಡಿದಿರಲಿ, ಎಷ್ಟು ಹೊತ್ತಿಗೆ ಫೋನ್ ಮಾಡಿದರೂ ನೀವು ಬರುತ್ತೀರಿ, ಇಲ್ಲವೇ ಟ್ಯಾಕ್ಸಿಯ ದುಡ್ಡು ಕೊಡುತ್ತೀರಿ. ಆ ರಾತ್ರಿ ಒಂದು ಪ್ರಶ್ನೆಯೂ ಇಲ್ಲ. ಮಾತೇನಿದ್ದರೂ ಮರುದಿನ ಚಹಾ ಕುಡಿಯುತ್ತ. ಹೋಟೆಲ್ ಮುಚ್ಚಿ ನಡುರಾತ್ರಿ ಮನೆಗೆ ಬರುವ ಅಪ್ಪಂದಿರಿಗೆ ಇದು ಅಷ್ಟೇನೂ ಕಷ್ಟವಲ್ಲ, ಎಚ್ಚರವಾಗಿಯೇ ಇರುತ್ತಾರೆ.

ಕೊನೆಯ ಮೆಟ್ಟಿಲು ಊರಿನ ದಾರಿ. ಪನವೇಲ್ ದಾಟಿ ಮಹಾಡ್, ಚಿಪಳೂಣ್, ಗೋವಾ, ಕಾರವಾರದ ಮೇಲೆ ಉಡುಪಿಗೆ ಹೋಗುವ ಹೆದ್ದಾರಿ 66 ಆಗಲಿ, ಪುಣೆ-ಕೊಲ್ಹಾಪುರ-ಬೆಳಗಾವಿಯ ಹೆದ್ದಾರಿ 48 ಆಗಲಿ, ಲೈಸೆನ್ಸ್ ಸಿಕ್ಕಿ ಒಂದು ವರ್ಷವಾಗುವ ತನಕ ಮಗುವಿಗೆ ಬೇಡ. ಆಮೇಲೆಯೂ ಹಗಲಿನಲ್ಲಿ, ಎರಡೆರಡು ಗಂಟೆಯ ಸರದಿಯಲ್ಲಿ ಕೊಡಿ. ಘಾಟಿಯ ಇಳಿಜಾರನ್ನು ಮೊದಲ ಸಲ ನೀವೇ ಓಡಿಸಿ, ಏರುವ ಗೇರಿನಲ್ಲೇ ಇಳಿಯುವುದು ಹೇಗೆ, ಬ್ರೇಕನ್ನು ಒತ್ತಿಯೇ ಇಟ್ಟರೆ ಅದು ಕಾದು ಹಿಡಿತ ಬಿಡುವುದು ಏಕೆ ಎಂದು ಹೇಳುತ್ತ ಹೋಗಿ. ಮರಳಿ ಬರುವಾಗ ಅದೇ ಘಾಟಿಯನ್ನು ಮಗುವಿಗೆ ಬಿಡಿ. ಏರುವುದು ಇಳಿಯುವುದಕ್ಕಿಂತ ಸುಲಭ. ರಾತ್ರಿ ಹನ್ನೊಂದಕ್ಕೆ ಮುಂಬಯಿ ಬಿಟ್ಟು ಬೆಳಗಾಗುವುದರೊಳಗೆ ಗೋವಾ ಮುಟ್ಟುವ ಹಳೆಯ ಚಾಳಿ ನಿಮಗಿದ್ದರೆ, ಮಗು ಜೊತೆಗಿರುವ ಪ್ರಯಾಣದಿಂದಲೇ ಅದನ್ನು ಬಿಟ್ಟು ಬೆಳಿಗ್ಗೆ ಐದಕ್ಕೆ ಹೊರಡಿ.